ಸುಟ್ಟ ಊರಿನ ಮಣ್ಣಿನ ಮುದ್ರೆಗಳು

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಜೇಡಿಮಣ್ಣಿನ ತುಣುಕು. ಒಂದು ಕಡೆ ಮೇಕೆಯ ಅಚ್ಚು. ತಿರುಗಿಸಿ ನೋಡಿದರೆ ಬುಟ್ಟಿಯ ಹೆಣಿಗೆ, ಹಗ್ಗದ ಹುರಿ, ಎಲ್ಲ ಸ್ಪಷ್ಟ. ಬುಟ್ಟಿ ಹಾಳಾಗಿ 8000 ವರ್ಷವಾಯಿತು, ಅದರ ಗುರುತು ಇನ್ನೂ ಇದೆ.

ಇಂಥ ಸುಮಾರು 300 ತುಣುಕು ಸಿಕ್ಕಿದ್ದು ಉತ್ತರ ಸಿರಿಯಾದ ಟೆಲ್ ಸಬಿ ಅಬ್ಯಾದ್‌ನಲ್ಲಿ. ಅರಬ್ಬಿಯಲ್ಲಿ 'ಬಿಳಿ ಹುಡುಗನ ದಿಬ್ಬ' ಎಂದರ್ಥ. ಯೂಫ್ರಟಿಸ್‌ಗೆ ಸೇರುವ ಬಲಿಖ್ ನದಿಯ ಬಯಲಿನಲ್ಲಿದೆ. ಮೆಸೊಪೊಟೇಮಿಯಾದ ಹೆಸರಾಂತ ಮೊದಲ ಪಟ್ಟಣಗಳಲ್ಲಿ ಹೆಚ್ಚಿನವು ದೂರದ ದಕ್ಷಿಣದಲ್ಲಿ ಎದ್ದವು, ಅದೂ ಎಷ್ಟೋ ಕಾಲದ ಮೇಲೆ. ಇದು ಅಂಚಿನ ಹಳ್ಳಿ. ಡಚ್ ಪುರಾತತ್ವಜ್ಞ ಪೀಟರ್ ಆಕರ್ಮನ್ಸ್ ತಂಡ 1986ರಲ್ಲಿ ಇಲ್ಲಿ ಅಗೆಯಲು ಶುರು ಮಾಡಿತು.

ಮಣ್ಣಿನ ಗೋಡೆ ಮಳೆಗೆ ಕರಗಿ ಕುಸಿಯುತ್ತದೆ ಅಲ್ವಾ? ಅದನ್ನೇ ಸಮ ಮಾಡಿ ಮೇಲೆ ಹೊಸ ಮನೆ ಕಟ್ಟುತ್ತಾರೆ. ನೂರಾರು ವರ್ಷ ಹೀಗೇ ನಡೆದರೆ ಊರೇ ದಿಬ್ಬವಾಗುತ್ತದೆ.

ಇಲ್ಲಿನ ಒಂದು ಪದರ ಮಾತ್ರ ಬೇರೆ. ಕ್ರಿ.ಪೂ. 6000ದ ಸುಮಾರಿಗೆ ಊರಿಗೆ ಬೆಂಕಿ ಬಿತ್ತು. ಹಸಿ ಮಣ್ಣಿನ ಮುದ್ರೆಗಳು ಬೆಂದು ಗಟ್ಟಿಯಾದವು. ಊರನ್ನು ಸುಟ್ಟ ಬೆಂಕಿಯೇ ಊರಿನ ಲೆಕ್ಕವನ್ನು ನಮಗಾಗಿ ಉಳಿಸಿತು.

ಲೆಕ್ಕ ಅಂದೆ. ಬರವಣಿಗೆ ಹುಟ್ಟಲು ಇನ್ನೂ ಎರಡೂವರೆ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಬಾಕಿಯಿತ್ತು. ಆದರೂ ಅರಗಿನ ಮುದ್ರೆ ಒತ್ತಿದ ಹಾಗೆ, ಬುಟ್ಟಿಯ ಬಾಯಿ ಕಟ್ಟಿ ಗಂಟಿನ ಮೇಲೆ ಮಣ್ಣು ಮೆತ್ತಿ ಗುರುತು ಒತ್ತುತ್ತಿದ್ದರು. ಮುದ್ರೆ ಒಡೆಯದೆ ಬುಟ್ಟಿ ತೆರೆಯಲಾಗದು. ಒಡೆದ ಮುದ್ರೆಗಳನ್ನೂ ಬಿಸಾಡದೆ ಇಟ್ಟುಕೊಂಡಿದ್ದರು. ಯಾರದು ಹೋಯಿತು, ಯಾರದು ಉಳಿಯಿತು ಅನ್ನೋದಕ್ಕೆ ಅದೇ ರಸೀದಿ!

ಊರಲ್ಲೇ ಇದ್ದು ಒಬ್ಬರನ್ನೊಬ್ಬರು ಬಲ್ಲವರಿಗೆ ಇಷ್ಟೆಲ್ಲ ಯಾಕೆ ಬೇಕಿತ್ತು? ಕುರಿ ಮೇಕೆ ಹೊಡೆದುಕೊಂಡು ತಿಂಗಳುಗಟ್ಟಲೆ ಅಲೆಯುವವರು ತಮ್ಮ ಸಾಮಾನನ್ನು ಇಲ್ಲಿನ ಕಣಜಗಳಲ್ಲಿ ಬಿಟ್ಟು ಹೋಗುತ್ತಿದ್ದರು ಎನ್ನುತ್ತಾರೆ ಅಗೆದವರು. ನನಗೆ ಇದು ಸರಿಯೆನಿಸುತ್ತದೆ. ದೂರ ಹೋಗುವವನಿಗೇ ಗುರುತಿನ ಅಗತ್ಯ.

ಬೆಂಕಿ ಆಕಸ್ಮಿಕವೇ? ಒಂದು ಮನೆಯ ಚಾವಣಿಯ ಮೇಲೆ ಇಬ್ಬರ ಶವಗಳಿದ್ದವು. ಜೊತೆಗೆ ಕಾಡುಕುರಿಯ ಕೊಂಬು ನೆಟ್ಟ ದೊಡ್ಡ ಮಣ್ಣಿನ ಮುದ್ದೆಗಳು. ಚಾವಣಿ ಕುಸಿದಾಗ ಎಲ್ಲವೂ ಒಟ್ಟಿಗೆ ಒಳಗೆ ಬಿದ್ದಿವೆ. ಸತ್ತವರನ್ನು ಕಳಿಸಿಕೊಡಲು ಬದುಕಿದವರೇ ಬೆಂಕಿ ಇಟ್ಟಿರಬಹುದು ಎಂಬ ವಾದವಿದೆ. ಆಮೇಲೆ ಜನ ಅದೇ ಬೂದಿಯ ಮೇಲೆ ಮತ್ತೆ ಮನೆ ಕಟ್ಟಿದರು.