ಕನ್ನಡ ತಂತ್ರಾಂಶಕ್ಕೆ ದುಡ್ಡು ಹಾಕಿದವರು ಯಾರು?

ಭಾರತೀಯ ಭಾಷೆಗಳ ಹೆಸರಿನಲ್ಲಿ ಈಚೆಗೆ ದುಡ್ಡಿನ ಸುದ್ದಿ ಜಾಸ್ತಿಯಾಗಿದೆ. ಭಾಷೆಗಳ ನಡುವಿನ ಅನುವಾದಕ್ಕೆ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಇದೆ. 2024ರ ಮಾರ್ಚಿನಲ್ಲಿ ಸಂಪುಟ ಒಪ್ಪಿದ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಹಣ ತೆಗೆದಿಟ್ಟಿದ್ದಾರೆ. ದಾನಿಗಳ ನಿಧಿಗಳು ಬೇರೆ. ಆದರೆ ಹಾಸನದ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಮದುವೆ ಪತ್ರಿಕೆಗಳು ಈಗಲೂ ಪುಟವಿನ್ಯಾಸದ ಪೇಜ್‌ಮೇಕರ್‌ನಲ್ಲಿ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡ ರೂಪ ತೊಡಿಸಿದ ಹಳೆಯ ನುಡಿ ಫಾಂಟಿನಲ್ಲಿ ತಯಾರಾಗುತ್ತಿರುತ್ತವೆ. ಆ ಮ್ಯಾಟರನ್ನು ಹಾಗೇ ಎತ್ತಿ ವಾಟ್ಸಾಪಿಗೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಜಾಗತಿಕ ಮಾನಕ ಯೂನಿಕೋಡ್‌ಗೆ ಕನ್ನಡ ಸೇರಿ ಮೂವತ್ತು ವರ್ಷ ದಾಟಿದೆ, ಹಣವೂ ಬರುತ್ತಲೇ ಇದೆ, ಆದರೂ ಯಾಕೆ ಹೀಗೆ? ಇದಕ್ಕೆ ಉತ್ತರ ಬೇಕಾದರೆ ಹಣ ಯಾರ ಕೈಯಿಂದ ಬಂತು, ಯಾವುದಕ್ಕೆ ಬಂತು, ಯಾವುದಕ್ಕೆ ಬರಲೇ ಇಲ್ಲ ಎಂದು ನೋಡಬೇಕಾಗುತ್ತದೆ.

ಮೊದಲ ದುಡ್ಡು ಸರ್ಕಾರದ್ದು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಶುರುವಾದ ಕೆಲಸ ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ಗೆ ಹೋಯಿತು. ಕಂಪ್ಯೂಟರಿಗೆ ಸಿಕ್ಕಿಸಿದರೆ ಭಾರತೀಯ ಲಿಪಿ ತೋರಿಸುವ ಜಿಸ್ಟ್ ಕಾರ್ಡ್ ಬಂತು. 1986ರಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ, 1991ರಲ್ಲಿ ಅಕ್ಷರ ಸಂಕೇತಗಳ ಇಸ್ಕೀ ಮಾನಕ. ಅದೇ ವರ್ಷ ಭಾರತೀಯ ಭಾಷೆಗಳ ತಂತ್ರಜ್ಞಾನಕ್ಕೆ ಟಿಡಿಐಎಲ್ ಎಂಬ ಕೇಂದ್ರದ ಕಾರ್ಯಕ್ರಮವೂ ಆರಂಭವಾಯಿತು. ಸಂಶೋಧನೆಗೆ ತೆರಿಗೆ ಹಣ ಹೋಯಿತು, ತಯಾರಾದ ಸರಕಿಗೆ ಮಾತ್ರ ಬೆಲೆಚೀಟಿ ಇತ್ತು. ಆ ಕಾಲಕ್ಕೆ ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಬೆಲೆ ಕೊಡಬಲ್ಲವರು ಕಚೇರಿಗಳು, ದೊಡ್ಡ ಪ್ರೆಸ್‌ಗಳು. ತಾಲ್ಲೂಕು ಮಟ್ಟದ ಬರಹಗಾರ ಆ ಲೆಕ್ಕದಲ್ಲೇ ಇರಲಿಲ್ಲ.

ಕನ್ನಡಕ್ಕೆ ಜನಸಾಮಾನ್ಯರ ಕೈಗೆ ಸಿಗುವ ತಂತ್ರಾಂಶ ಬಂದದ್ದು ಬೇರೆ ದಾರಿಯಲ್ಲಿ. ಕೆ.ಪಿ. ರಾವ್ ಅವರು ಸೇಡಿಯಾಪು ತಂತ್ರಾಂಶವನ್ನೂ, ನಾವಿವತ್ತು ಬಳಸುವ ಕೀಲಿಮಣೆ ವಿನ್ಯಾಸವನ್ನೂ ಕೊಟ್ಟರು. ಅದಕ್ಕೆ ಹಕ್ಕುಸ್ವಾಮ್ಯದ ಹಣ ಕೇಳಲಿಲ್ಲ. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು, ವರ್ಷಗಟ್ಟಲೆ ಪುಕ್ಕಟೆಯಾಗಿ ಸಿಕ್ಕಿತು. ಕನ್ನಡ ಗಣಕ ಪರಿಷತ್ತಿನ ನುಡಿ ರಾಜ್ಯ ಸರ್ಕಾರದ ಬೆಂಬಲದೊಂದಿಗೆ ಕಚೇರಿ ಕಚೇರಿಗೂ ಹೋಯಿತು. ಕೆ.ಪಿ. ರಾವ್ ವಿನ್ಯಾಸವೇ ಅಧಿಕೃತ ಕೀಲಿಮಣೆಯಾಯಿತು. ಈ ಮೂರೂ ಇಲ್ಲದಿದ್ದರೆ ಕನ್ನಡ ಅಂತರಜಾಲದ ಮೊದಲ ಹತ್ತು ವರ್ಷ ನಡೆಯುತ್ತಲೇ ಇರಲಿಲ್ಲ. ಆದರೆ ಬಳಸಲು ಪುಕ್ಕಟೆಯಾಗಿದ್ದ ಬರಹ, ನುಡಿಗಳ ಒಳಗಿನ ಕೋಡ್ ಬೇರೆಯವರು ತೆಗೆದು ತಿದ್ದಲು ಸಿಗುವಂತಿರಲಿಲ್ಲ. ದೋಷ ಕಂಡರೆ ಮಾಡಿದವರನ್ನೇ ಕೇಳಬೇಕು, ಅವರಿಗೆ ಪುರುಸೊತ್ತಾಗುವವರೆಗೆ ಕಾಯಬೇಕು. ಬರಹ ಮುಂದೆ ಬೆಲೆ ಇಟ್ಟಿತು. ಒಬ್ಬರೇ ಎಷ್ಟು ವರ್ಷ ಅಂತ ಸ್ವಂತ ಸಮಯ ಸುರಿಯಲು ಸಾಧ್ಯ, ಅಲ್ವಾ?

ಈ ಕಥೆಯಲ್ಲಿ ಮಲೆನಾಡಿನ ಅಧ್ಯಾಯ ಒಂದಿದೆ.  ಮೂಡಿಗೆರೆಯ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಮೀನು, ಹಕ್ಕಿ, ಕ್ಯಾಮೆರಾಗಳಷ್ಟೇ ಗಂಭೀರವಾಗಿ ಕನ್ನಡ ತಂತ್ರಾಂಶದ ಬೆನ್ನು ಬಿದ್ದಿದ್ದರು. ಕಂಪ್ಯೂಟರ್ ಒಳಗೆ ಕನ್ನಡ ಇಲ್ಲದಿದ್ದರೆ ನಾಳೆ ಆಡಳಿತದಲ್ಲಿ, ಪಾಠದಲ್ಲಿ, ವ್ಯವಹಾರದಲ್ಲಿ ಅದಕ್ಕೆ ಜಾಗವಿರುವುದಿಲ್ಲ ಎನ್ನುವುದು ಅವರ ವಾದ. ಭಾಷಣಕ್ಕೆ ಬಾರದ ಮನುಷ್ಯ ಈ ವಿಷಯಕ್ಕಾದರೆ ಸರ್ಕಾರದ ಜೊತೆ ಜಗಳಕ್ಕೂ ಸಿದ್ಧರಿದ್ದರು. ಹಾಸನದ ಒಂದು ಸಣ್ಣ ತಂಡ ಅವರ ಒತ್ತಾಸೆಯಲ್ಲಿ ತಂತ್ರಾಂಶ ಬರೆಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು 'ಕುವೆಂಪು' ಹೆಸರಿನಲ್ಲಿ ಹೊರತಂದು ಉಚಿತವಾಗಿ ಹಂಚಿತು.

ಆ ಏರ್ಪಾಡು ಹೇಗಿತ್ತು ನೋಡಿ. ಒತ್ತಾಯ ಹಾಕುವವರು ಮೂಡಿಗೆರೆಯಲ್ಲಿ, ಕೋಡ್ ಬರೆಯುವವರು ಹಾಸನದಲ್ಲಿ, ಹೊರತರುವವರು ತುಂಗಭದ್ರೆಯ ದಡದಲ್ಲಿ. ರಾಜಧಾನಿಯ ಐಟಿ ಕಂಪನಿಗಳು ಇದರಲ್ಲಿ ಎಲ್ಲೂ ಇಲ್ಲ. ಸಾರ್ವಜನಿಕ ಸಂಸ್ಥೆಯೊಂದು ಜಿಲ್ಲಾ ಕೇಂದ್ರದ ತಂಡವನ್ನು ನಂಬಿದರೆ ಕೆಲಸ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಆದರೆ ಇಡೀ ಗಾಡಿಗೆ ಎಂಜಿನ್ ಒಬ್ಬ ಲೇಖಕನ ಹಟ. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡರು. ಇವತ್ತು ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅವರ ಕಾದಂಬರಿ ಓದಿದವರು ಬೇಕಾದಷ್ಟು ಸಿಗುತ್ತಾರೆ, ಈ ತಂತ್ರಾಂಶದ ಹೆಸರು ಕೇಳಿದವರು ಕಡಿಮೆ.

ಅದೇ ಹೊತ್ತಿಗೆ ನೆಲವೂ ಕದಲುತ್ತಿತ್ತು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್‌ನಲ್ಲಿ ಕನ್ನಡ ಇತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟಿನ ಜೊತೆ ಬಂತು. ಅಲ್ಲಿಂದ ಮುಂದೆ ಹಳೆಯ ಪದ್ಧತಿಯ ಫಾಂಟುಗಳಿಗೆ ದಿನ ಎಣಿಕೆ ಶುರುವಾಗಬೇಕಿತ್ತು. ಆಗಲಿಲ್ಲ. ಕಚೇರಿಗಳ ಕಡತ, ಪ್ರೆಸ್‌ಗಳ ಪುಸ್ತಕ, ಪತ್ರಿಕೆಗಳ ಸುದ್ದಿ ಎಲ್ಲ ಹಳೆಯದರಲ್ಲೇ ಬೆಳೆಯುತ್ತಾ ಹೋಯಿತು. ಅದನ್ನೆಲ್ಲ ಹೊಸದಕ್ಕೆ ಬದಲಾಯಿಸುವ ಕೆಲಸಕ್ಕೆ ಬೇಕಾದಷ್ಟು ಹಣ ಬರಲಿಲ್ಲ. 2005ರಲ್ಲಿ ಕೇಂದ್ರ ಸರ್ಕಾರ ತಮಿಳು, ಹಿಂದಿಯಿಂದ ಶುರುಮಾಡಿ ಫಾಂಟು, ಆಫೀಸ್ ತಂತ್ರಾಂಶಗಳ ಉಚಿತ ಸಿ.ಡಿ. ಹಂಚಿತು. ಸಿ.ಡಿ. ಬಿಡುಗಡೆಗೆ ಸಮಾರಂಭ ಮಾಡಬಹುದು. ಫಾಂಟಿನ ಒತ್ತಕ್ಷರ ಸರಿಮಾಡಿದ್ದಕ್ಕೆ ಯಾರು ಸಮಾರಂಭ ಮಾಡುತ್ತಾರೆ?

ನಮ್ಮ ಕಡೆಯ ಹಳೆಯ ಶಾಸನಗಳನ್ನು ಓದಿದವರಿಗೆ ಕೆರೆಗೊಡಗೆ ಗೊತ್ತಿರುತ್ತದೆ. ಕೆರೆ ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ಅದರ ಏರಿ, ತೂಬು, ಹೂಳು ನೋಡಿಕೊಳ್ಳಲು ಅಂತಲೇ ಭೂಮಿ ಬಿಡುತ್ತಿದ್ದರು. ಕನ್ನಡ ತಂತ್ರಾಂಶದ ಅನುದಾನಗಳಲ್ಲಿ ಕಾಣದಿರುವುದು ಈ ಎರಡನೆಯ ಭಾಗ.

ಹಾಗಿದ್ದೂ ಇವತ್ತು ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದೆಯಲ್ಲ, ಅದಕ್ಕೆ ದುಡ್ಡು ಕೊಟ್ಟವರು ಯಾರು? ಬಹುಪಾಲು, ನಮ್ಮವರಲ್ಲ. ಕಂಪ್ಯೂಟರಿಗೆ ಅಕ್ಷರಗಳ ಸಂಕೇತ ಗೊತ್ತಿದ್ದರೆ ಸಾಲದು. ಸ್ವರಚಿಹ್ನೆ ಎಲ್ಲಿ ಕೂರಬೇಕು, ಒತ್ತು ಎಲ್ಲಿ ಇಳಿಯಬೇಕು, ಅರ್ಕಾವತ್ತು ಯಾವಾಗ ಪಕ್ಕಕ್ಕೆ ಹೋಗಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ ಬೇಕು. ಹಾರ್ಫ್‌ಬಝ್ ಎನ್ನುವುದು ಅಂಥದ್ದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರೊಳಗೂ ಅದೇ ಕೂತಿದೆ. ಅದನ್ನು ಮುಖ್ಯವಾಗಿ ಬರೆದವರು ಇರಾನ್ ಮೂಲದ ಬೆಹದಾದ್ ಇಸ್ಫಹಬೋದ್. ಮೊದಲು ರೆಡ್ ಹ್ಯಾಟ್ ಎಂಬ ತಂತ್ರಾಂಶ ಕಂಪನಿ, ಆಮೇಲೆ ಗೂಗಲ್ ಅವರಿಗೆ ಸಂಬಳ ಕೊಟ್ಟವು. ಕನ್ನಡದ ಲೋಹಿತ್ ಫಾಂಟನ್ನು ಹೊರಗೆ ಬಿಟ್ಟದ್ದೂ ರೆಡ್ ಹ್ಯಾಟ್. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂಬ ಷರತ್ತಿನ ಮೇಲೆ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಕಾಣಿಸಿಕೊಂಡ ಮೇಲೆ ಊರೂರಿನ ಕೈಯಲ್ಲಿ ಕನ್ನಡ ಬಂತು. ಇದು ಅನುದಾನವಲ್ಲ, ತಿಂಗಳ ಸಂಬಳ. ದೋಷ ಬಂದಾಗ ಸೋಮವಾರ ಬೆಳಗ್ಗೆ ಕೂತು ಸರಿಮಾಡುವವರು ಇದ್ದದ್ದು ಆ ಸಂಬಳದಿಂದ.

ಇನ್ನೂ ತಮಾಷೆಯ ಸಂಗತಿ ಸ್ಕ್ರೈಬಸ್‌ನದ್ದು. ಪುಟವಿನ್ಯಾಸಕ್ಕೆ ಬಳಸುವ ಮುಕ್ತ ತಂತ್ರಾಂಶ ಇದು, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ತೆಗೆದು ತಿದ್ದಬಹುದು. ಬಹಳ ವರ್ಷ ಇದರಲ್ಲಿ ಕನ್ನಡ ಒಡೆದು ಚೂರಾಗಿ ಕಾಣುತ್ತಿತ್ತು. 2017ರ 1.5.3 ಆವೃತ್ತಿಯಲ್ಲಿ ಸರಿಹೋಯಿತು. ಮಾಡಿದ್ದು ಒಮಾನ್ ದೇಶದ ಒಂದು ತಂಡ. ಅವರಿಗೆ ಬೇಕಿದ್ದದ್ದು ಅರಬ್ಬಿ. ಆದರೆ ಅವರು ಅದಕ್ಕಾಗಿ ಹಾರ್ಫ್‌ಬಝ್ ಜೋಡಿಸಿದ್ದರಿಂದ ಕನ್ನಡವೂ ಸರಿಯಾಯಿತು. ಮುಕ್ತ ತಂತ್ರಾಂಶಕ್ಕೆ ಹಾಕಿದ ಹಣದ ಗುಣವೇ ಇದು: ಒಬ್ಬರ ಖರ್ಚು, ಹತ್ತು ಭಾಷೆಗೆ ಉಪಯೋಗ. ನಮ್ಮ ಸಾರ್ವಜನಿಕ ಹಣ ಇದೇ ಷರತ್ತಿನ ಮೇಲೆ ಖರ್ಚಾಗಿದ್ದರೆ ತುಳುವಿಗೋ ಕೊಡವಕ್ಕೋ ಕೆಲಸ ಅರ್ಧ ಮುಗಿದಿರುತ್ತಿತ್ತು.

ಪಕ್ಕದ ಕೇರಳ ಇದನ್ನು ಸ್ವಲ್ಪ ಬೇಗ ಅರ್ಥ ಮಾಡಿಕೊಂಡಿತು. ಅಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಗುಂಪು 2002ರಿಂದ ಇದೆ. ಸರ್ಕಾರಿ ಶಾಲೆಗಳು ವಿಂಡೋಸ್ ಬದಲು ಮುಕ್ತವಾಗಿ ಸಿಗುವ ಲಿನಕ್ಸ್‌ಗೆ ಹೋದವು, ಮುಕ್ತ ತಂತ್ರಾಂಶಕ್ಕೆಂದೇ ಐಸಿಫಾಸ್ ಎಂಬ ಸರ್ಕಾರಿ ಸಂಸ್ಥೆಯೂ ಬಂತು. ಆ ಗುಂಪು ಮಾಡಿದ ಇಂಡಿಕ್ ಕೀಬೋರ್ಡ್‌ನಲ್ಲಿ ಕನ್ನಡವೂ ಇದೆ. ನಮ್ಮಲ್ಲಿ ಅಂಥ ಸಂಸ್ಥೆ ಇಲ್ಲ, ಗುಂಪುಗಳಿವೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಕನ್ನಡಿಗರೇ ಬಿಡುವಿನ ವೇಳೆಯಲ್ಲಿ ಮಾಡಿದರು. ಇವತ್ತು ಡೆಬಿಯನ್ ಲಿನಕ್ಸ್‌ನಲ್ಲಿ ಸಿಗುತ್ತವೆ. ವಚನ ಸಂಚಯ ಎಂಬ ಜಾಲತಾಣ 20,000ಕ್ಕೂ ಹೆಚ್ಚು ವಚನಗಳನ್ನು ಪದ ಪದವಾಗಿ ಹುಡುಕುವಂತೆ ಮಾಡಿತು. ಇವೆಲ್ಲ ಕೆಲಸ ಮುಗಿಸಿ ಮನೆಗೆ ಬಂದ ಮೇಲಿನ ರಾತ್ರಿಗಳ ಫಲ. ವಿಕಿಪೀಡಿಯದಲ್ಲಿ ಕೆ.ಪಿ. ರಾವ್ ವಿನ್ಯಾಸದಲ್ಲೇ ಟೈಪ್ ಮಾಡುವ ಸೌಲಭ್ಯ ಇದೆ. ಅದರ ಖರ್ಚು ಲೋಕದ ಓದುಗರು ಕೊಟ್ಟ ಚಿಲ್ಲರೆ ದೇಣಿಗೆಯಿಂದ ಹೋಗುತ್ತದೆ.

2014ರ ಏಪ್ರಿಲ್ ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿತು. ಅರ್ಧ ಅಂತರಜಾಲವನ್ನು ಕಾಯುತ್ತಿದ್ದ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಸಿಕ್ಕಿತು. ಆ ಯೋಜನೆಗೆ ವರ್ಷಕ್ಕೆ ಸುಮಾರು 2,000 ಡಾಲರ್ ದೇಣಿಗೆ ಬರುತ್ತಿತ್ತು ಎಂದು ಆಗ ಗೊತ್ತಾಯಿತು. ಆಮೇಲೆ ವಿದೇಶಗಳಲ್ಲಿ ನಿರ್ವಹಣೆಗೆ ಅಂತಲೇ ನಿಧಿಗಳು ಹುಟ್ಟಿದವು; ಜರ್ಮನಿ 2022ರಲ್ಲಿ ಸರ್ಕಾರಿ ನಿಧಿಯನ್ನೇ ಮಾಡಿತು. ಭಾರತ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ಬಳಸುವ ನೀತಿ ತಂದಿತ್ತು. ಬಳಸುವುದಕ್ಕೆ ನೀತಿ ಬಂತು, ಸಾಕುವುದಕ್ಕೆ ಹಣ ಬರಲಿಲ್ಲ.

ಈಚಿನ ಹಣದ ಅಲೆ ಬೇರೆ ರೀತಿಯದು. 2022ರಲ್ಲಿ ಮದ್ರಾಸ್ ಐಐಟಿಯ ಎಐ4ಭಾರತ್ ಎಂಬ ಸಂಶೋಧನಾ ತಂಡಕ್ಕೆ ನಿಲೇಕಣಿ ದಂಪತಿಯ ಕಡೆಯಿಂದ 36 ಕೋಟಿ ರೂಪಾಯಿ ಬಂತು. ಅದೇ ವರ್ಷ ಭಾಷಿಣಿ ಉದ್ಘಾಟನೆಯಾಯಿತು. 22 ಭಾಷೆಗಳ ನಡುವೆ ಅನುವಾದ ಮಾಡುವ ಇಂಡಿಕ್‌ಟ್ರಾನ್ಸ್2 ಅನ್ನು 2023ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಇದು ಮೆಚ್ಚಬೇಕಾದ್ದೇ. ಆದರೆ ಈ ಹಣಕ್ಕೆ ಎಐ ಇಷ್ಟ, ಕೀಲಿಮಣೆ ಬೇಸರ. ಅಕ್ಷರ ತಪ್ಪು ಹಿಡಿಯುವ ತಂತ್ರಾಂಶ, ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಾಯಿಸುವ ಸಾಧನ, ನಿಘಂಟು, ಇವು ಯಾವ ಉದ್ಘಾಟನೆಗೂ ಸಾಲದಷ್ಟು ಸಣ್ಣವು. ನಿಘಂಟಿಗೆ ಒಂದು ಅದೃಷ್ಟ ಒದಗಿತು. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಸುಮಾರು ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ್ದರು. ಷೇರು ವ್ಯವಹಾರದ ಝೆರೋಧಾ ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಅವರ ನೆರವಿನಿಂದ 2019ರಲ್ಲಿ ಅದು ಅಲರ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಸಿಕ್ಕಿತು.

ಉಳಿದವರು ಹಣ ಕೇಳಬೇಕಾದರೆ ದಾರಿ ಸುಲಭವಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2 ಶೇಕಡಾ ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಯಾವುದಕ್ಕೆಲ್ಲ ಕೊಡಬಹುದೆಂದು ಏಳನೇ ಅನುಸೂಚಿ ಹೇಳುತ್ತದೆ. ಶಿಕ್ಷಣವಿದೆ, ಸಂಸ್ಕೃತಿಯಿದೆ, ತಂತ್ರಾಂಶ ನಿರ್ವಹಣೆ ಎಂಬ ಬಾಬತ್ತು ಇಲ್ಲ. ವಿದೇಶಿ ನಿಧಿ ಪಡೆಯಬೇಕಾದರೆ ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ಬೇಕು. ಅದಕ್ಕೆ ಸಂಘ ಸಾಮಾನ್ಯವಾಗಿ ಮೂರು ವರ್ಷ ಹಳೆಯದಾಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಚಿಕ್ಕಮಗಳೂರಿನಲ್ಲಿ ನಾಲ್ಕು ಜನ ಗೆಳೆಯರು ನಡೆಸುವ ಫಾಂಟ್ ಯೋಜನೆಗೆ ಇದು ಆಗುವ ಮಾತಲ್ಲ.

2024ರ ಅಕ್ಟೋಬರಿನಲ್ಲಿ ಝೆರೋಧಾ ಘೋಷಿಸಿದ ಫ್ಲಾಸ್ ಫಂಡ್ ದೇಶದೊಳಗಿನದೇ. ವರ್ಷಕ್ಕೆ 10 ಲಕ್ಷ ಡಾಲರ್, ಜಗತ್ತಿನ ಯಾವುದೇ ಮುಕ್ತ ಯೋಜನೆಗೆ. ಒಂದು ಯೋಜನೆಗೆ ಕನಿಷ್ಠ 10,000 ಡಾಲರ್, ಅಂದರೆ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ಕನ್ನಡದ ಕೆಲವು ಯೋಜನೆಗಳಿಗೆ ಬೇಕಾಗಿರುವುದು ಅದರ ಕಾಲುಭಾಗವೂ ಅಲ್ಲ. ಅಷ್ಟು ಚಿಕ್ಕ ಮೊತ್ತವನ್ನು ಪ್ರತಿ ವರ್ಷ ತಪ್ಪದೆ ಕೊಡುವ ಬಾಗಿಲು ಇನ್ನೂ ತೆರೆದಿಲ್ಲ. ಅರ್ಜಿ ಹಾಕುವವರು ತಮ್ಮ ಕೋಡ್ ಜೊತೆ 'ಫಂಡಿಂಗ್ ಡಾಟ್ ಜೇಸನ್' ಎಂಬ ಕಡತ ಇಡಬೇಕು. ಯಾರು ನಡೆಸುತ್ತಾರೆ, ಎಷ್ಟು ಬೇಕು ಎಂದು ಅದರಲ್ಲಿ ಬರೆಯಬೇಕು. ಹಿಂದಿನ ವರ್ಷಗಳ ಆದಾಯ, ಖರ್ಚು ಬರೆಯಲೂ ಜಾಗವಿದೆ. ಕನ್ನಡದ ಬಹುತೇಕ ಯೋಜನೆಗಳವರು ಆದಾಯದ ಕಡೆ ಸೊನ್ನೆ ಹಾಕಬೇಕಾಗುತ್ತದೆ. ಖರ್ಚಿನ ಲೆಕ್ಕವನ್ನು ಯಾರೂ ಇಟ್ಟಿಲ್ಲ.