ಶಿಕ್ಷೆ ಮುಗಿಸಿದವರಿಗೆ ಹೊಸ ಪಾಸ್‌ಪೋರ್ಟ್: ಈ ತಕರಾರು ಎಲ್ಲಿಂದ ಶುರುವಾಯಿತು?

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬೆಳಿಗ್ಗೆ ಎರಡು ಬಗೆಯ ಜನ ಬರುತ್ತಾರೆ. ಓಡುವವರು ಒಂದು ಕಡೆ, ಓಡುವುದು ಬಿಟ್ಟು ಮಾತಾಡುವವರು ಇನ್ನೊಂದು ಕಡೆ. ನಾನು ಎರಡನೇ ಗುಂಪಿಗೆ ಸೇರಿ ತುಂಬ ವರ್ಷವಾಯಿತು. 2025ರ ನವೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಆಟಗಾರ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದವರಾದ ಸುದ್ದಿ ಬಂತು. ತಾಯಿಯ ಕಡೆಯಿಂದ ಅವರಿಗೆ ಮುಂಬೈ ನಂಟಿದೆ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಖುಷಿ. ಅಷ್ಟರಲ್ಲಿ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಒಂದು ಪ್ರಶ್ನೆ ಎಸೆದರು.

"ಈ ಹುಡುಗನ ಮೇಲೆ ಯಾವ ಕಳಂಕಾನೂ ಇಲ್ಲ, ಸರಿ ಕಣಪ್ಪಾ. ನಾಳೆ ಮದ್ದು ತಗೊಂಡು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷ ಮನೇಲಿ ಕೂತಿದ್ದವನೊಬ್ಬ ಬಂದು ನಮ್ಮ ಪಾಸ್‌ಪೋರ್ಟ್ ಕೇಳಿದ್ರೆ ಕೊಡ್ತೀಯಾ?"

ಟೀ ಆರಿತು, ಮಾತು ಮುಗಿಯಲಿಲ್ಲ. ಒಬ್ಬರು ಕಾನೂನು ಅಂದರೆ ಇನ್ನೊಬ್ಬರು ಮಾನ ಅಂದರು. ಮೂರನೆಯವರು ಪದಕದ ಲೆಕ್ಕ ಹಾಕುತ್ತಿದ್ದರು. ಆಮೇಲೆ ಯೋಚಿಸಿದಾಗ ಅನ್ನಿಸಿತು, ನಾವು ಬೇರೆ ಬೇರೆ ಬಾಗಿಲುಗಳ ಮುಂದೆ ನಿಂತು ಒಂದೇ ಬಾಗಿಲು ಎಂದುಕೊಂಡು ಕೂಗಾಡುತ್ತಿದ್ದೆವು. ಪೌರತ್ವ ಕೊಡುವುದು ಸರ್ಕಾರ. ಹೊಸ ದೇಶದ ಪರ ಆಡಲು ಒಪ್ಪಿಗೆ ಕೊಡುವುದು ಆಯಾ ಆಟದ ಅಂತರರಾಷ್ಟ್ರೀಯ ಸಂಸ್ಥೆ. ತಂಡಕ್ಕೆ ಆರಿಸುವುದು ದೇಶದ ಫೆಡರೇಷನ್. ಒಂದು ಬಾಗಿಲು ತೆರೆದರೆ ಉಳಿದದ್ದೂ ತೆರೆಯಬೇಕು ಅಂತೇನಿಲ್ಲ.

ಆಟಗಾರರಿಗೆ ಅವಸರದಲ್ಲಿ ಪೌರತ್ವ ಕೊಡುವ ಚಾಳಿ ಹಳೆಯದು. 1984ರಲ್ಲಿ ದಕ್ಷಿಣ ಆಫ್ರಿಕಾದ 17ರ ಹುಡುಗಿ ಜೋಲಾ ಬಡ್‌ಗೆ ಬ್ರಿಟನ್ ಎರಡು ವಾರದೊಳಗೆ ಪಾಸ್‌ಪೋರ್ಟ್ ಕೊಟ್ಟಿತು. 1988ರ ಸೋಲ್ ಒಲಿಂಪಿಕ್ಸ್‌ಗೆ ಮುಂಚೆ ವೇಟ್‌ಲಿಫ್ಟರ್ ನಯೀಮ್ ಸುಲೇಮಾನೊಗ್ಲು ತಮ್ಮ ಪರ ಆಡಲಿ ಎಂದು ತುರ್ಕಿಯು ಬಲ್ಗೇರಿಯಾಗೆ ಸುಮಾರು 10 ಲಕ್ಷ ಡಾಲರ್ ತೆತ್ತಿತು. ಮುಂದೆ ಕತಾರ್ ಬಲ್ಗೇರಿಯಾದ ಲಿಫ್ಟರ್‌ಗಳನ್ನು ಗುಂಪಾಗಿಯೇ ಕರೆಸಿಕೊಂಡಿತು. ಅಲ್ಲಿಯವರೆಗೆ ಜನ ದುಡ್ಡಿನ ಬಗ್ಗೆ ಆಡಿಕೊಂಡರೇ ಹೊರತು ಮದ್ದಿನ ಮಾತು ಅಷ್ಟಾಗಿ ಬರಲಿಲ್ಲ.

ಹೊಸ ಪಾಸ್‌ಪೋರ್ಟು, ಮದ್ದು ಎರಡೂ ಒಂದೇ ಕಡೆ ಗಂಟು ಬಿದ್ದದ್ದು ಒಬ್ಬ ಹರ್ಡಲ್ಸ್ ಓಟಗಾರ್ತಿಯ ಬದುಕಿನಲ್ಲಿ. ಈ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಲುಡ್ಮಿಲಾ ನರೋಜಿಲೆಂಕೊ 1991ರಲ್ಲಿ ಸೋವಿಯತ್ ಒಕ್ಕೂಟದ ಪರ 100 ಮೀಟರ್ ಹರ್ಡಲ್ಸ್‌ನಲ್ಲಿ ವಿಶ್ವ ಚಾಂಪಿಯನ್. 1993ರಲ್ಲಿ ಸ್ಟೀರಾಯ್ಡ್ ಸಿಕ್ಕಿತೆಂದು ನಾಲ್ಕು ವರ್ಷ ನಿಷೇಧ. ಬೇರೆಯಾಗಿದ್ದ ಗಂಡ ಸೇಡಿಗೆ ತನ್ನ ಪ್ರೋಟೀನ್ ಪುಡಿಯಲ್ಲಿ ಅದನ್ನು ಬೆರೆಸಿದ್ದ ಎಂಬುದು ಆಕೆಯ ವಾದ. ಆ ವಾದ ಗೆದ್ದಿತು, ನಿಷೇಧ ತೆರವಾಯಿತು. ಅಷ್ಟರಲ್ಲಿ ಆಕೆ ಸ್ವೀಡನ್ನಿನವರನ್ನು ಮದುವೆಯಾಗಿ ಲುಡ್ಮಿಲಾ ಎಂಗ್‌ಕ್ವಿಸ್ಟ್ ಆಗಿದ್ದರು. 1996ರಲ್ಲಿ ಸ್ವೀಡನ್ ಪೌರತ್ವ ಸಿಕ್ಕಿತು. ಕೆಲವೇ ವಾರದಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಫೈನಲ್‌ನಲ್ಲಿ ಆಕೆ 12.58 ಸೆಕೆಂಡ್, ಸ್ಲೊವೇನಿಯಾದ ಬ್ರಿಗಿತಾ ಬುಕೊವೆಚ್ 12.59. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಚಿನ್ನ ಹೊಸ ದೇಶಕ್ಕೆ ಹೋಯಿತು.

1999ರಲ್ಲಿ ಆಕೆಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಪರೇಷನ್ ಆಗಿ ಕೆಲವೇ ತಿಂಗಳಿಗೆ ಸೆವಿಲ್ಲಾ ವಿಶ್ವ ಕೂಟದಲ್ಲಿ ಓಡಿ ಕಂಚು ಗೆದ್ದರು. ಸ್ವೀಡನ್ ಜನ ಆಕೆಯನ್ನು ಮನೆಮಗಳು ಮಾಡಿಕೊಂಡರು. ಆಮೇಲೆ ಚಳಿಗಾಲದ ಒಲಿಂಪಿಕ್ಸ್‌ನಲ್ಲೂ ಗೆಲ್ಲಬೇಕೆಂದು ಬಾಬ್‌ಸ್ಲೆಡ್ ಹಿಡಿದರು. ಮಂಜಿನ ಇಳಿಜಾರಿನಲ್ಲಿ ಜಾರುಬಂಡಿ ಓಡಿಸುವ ಆಟ ಅದು. 2001ರಲ್ಲಿ ಮತ್ತೆ ಸ್ಟೀರಾಯ್ಡ್. ಈ ಸಲ ಯಾವ ಗಂಡನೂ ಇಲ್ಲ, ಯಾವ ಪುಡಿಯೂ ಇಲ್ಲ. ತಾನೇ ತೆಗೆದುಕೊಂಡೆ ಎಂದು ಒಪ್ಪಿಕೊಂಡರು.

ಈ ಕತೆ ಹೇಳಿದಾಗ ನಮ್ಮ ಗುಂಪಿನಲ್ಲಿ ಕೆಲವರು "ನೋಡಿದ್ಯಾ, ಮೊದಲೇ ಗೊತ್ತಿತ್ತು" ಅಂದರು. ನನಗೆ ಹಾಗನ್ನಿಸುವುದಿಲ್ಲ. 1996ರಲ್ಲಿ ಸ್ವೀಡನ್ ಕೈಯಲ್ಲಿದ್ದದ್ದು ನಿಷೇಧ ತೆರವಾದ ಒಬ್ಬ ಓಟಗಾರ್ತಿಯ ಕಾಗದ. ಐದು ವರ್ಷ ಮುಂದಿನದ್ದನ್ನು ಅದರಲ್ಲಿ ಓದಲು ಆಗುತ್ತಿತ್ತಾ? ಜಮೈಕಾದ ಮರ್ಲೀನ್ ಓಟಿಯನ್ನೇ ನೋಡಿ. 1999ರಲ್ಲಿ ನ್ಯಾಂಡ್ರೊಲೋನ್ ಎಂಬ ಸ್ಟೀರಾಯ್ಡ್ ಪತ್ತೆಯಾಗಿ ನಿಷೇಧ, 2000ದಲ್ಲಿ ಬಿಡುಗಡೆ. 2002ರಲ್ಲಿ ಆಕೆ ಸ್ಲೊವೇನಿಯಾದವರಾದರು, 2004ರಲ್ಲಿ ಅಥೆನ್ಸ್‌ನಲ್ಲಿ ಓಡಿದರು. ತಲೆಕೆಡಿಸಿಕೊಳ್ಳುವ ಸಂಗತಿ ಏನೂ ಆಗಲಿಲ್ಲ. ಹಾಗೆ ಏನೂ ಆಗದವರ ಕತೆ ಯಾರ ಬಾಯಲ್ಲೂ ಉಳಿಯುವುದಿಲ್ಲ ಅಲ್ವಾ.

ಆಗೆಲ್ಲ ಒಂದೊಂದು ಆಟಕ್ಕೆ ಒಂದೊಂದು ಕಟ್ಟಳೆ. 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಹುಟ್ಟಿತು. 2004ರಿಂದ ಎಲ್ಲ ಆಟಕ್ಕೂ ಒಂದೇ ಸಂಹಿತೆ ಬಂತು. ಅದರ ಪ್ರಕಾರ ನಿಷೇಧ ಆಟಗಾರನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಗಡಿ ದಾಟಿದರೂ, ಪಾಸ್‌ಪೋರ್ಟ್ ಬದಲಿಸಿದರೂ ಬಿಡುವುದಿಲ್ಲ. 2015ರಿಂದ ಬೇಕೆಂದೇ ಮಾಡಿದ ತಪ್ಪಿಗೆ ಮೊದಲ ಸಲವೇ ನಾಲ್ಕು ವರ್ಷ. ಹಾಗಾಗಿ ದೇಶ ಬದಲಿಸಿ ಶಿಕ್ಷೆ ತಪ್ಪಿಸಿಕೊಳ್ಳಬಹುದು ಅನ್ನುವುದು ಸುಮ್ನೆ ಗಾಳಿಮಾತು. ಜಗಳ ಇರುವುದು ಶಿಕ್ಷೆ ಮುಗಿದ ಮಾರನೇ ದಿನದ ಬಗ್ಗೆ.

ಅದಕ್ಕೂ ಒಂದು ಉತ್ತರ ಬಂದಿದೆ. ಆರು ತಿಂಗಳಿಗಿಂತ ಜಾಸ್ತಿ ನಿಷೇಧ ಅನುಭವಿಸಿದವರು ಮುಂದಿನ ಒಲಿಂಪಿಕ್ಸ್‌ಗೆ ಬರಬಾರದು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2008ರಲ್ಲಿ ನಿಯಮ ಮಾಡಿತು. 2011ರಲ್ಲಿ ಆಟದ ತಗಾದೆ ತೀರಿಸುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಹೊಡೆದುಹಾಕಿತು. ಸಿಕ್ಕಿಬಿದ್ದವರನ್ನು ಜೀವಮಾನವಿಡೀ ಒಲಿಂಪಿಕ್ಸ್‌ಗೆ ಆರಿಸುವುದಿಲ್ಲ ಎನ್ನುತ್ತಿದ್ದ ಬ್ರಿಟನ್ನಿನ ನಿಯಮಕ್ಕೂ 2012ರಲ್ಲಿ ಅದೇ ಗತಿಯಾಯಿತು. ಓಟಗಾರ ಡ್ವೇನ್ ಚೇಂಬರ್ಸ್, ಸೈಕ್ಲಿಸ್ಟ್ ಡೇವಿಡ್ ಮಿಲ್ಲರ್ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಹೀಗೆ. ಒಂದೇ ತಪ್ಪಿಗೆ ಎರಡು ಶಿಕ್ಷೆ ಇಲ್ಲ ಅನ್ನುವುದು ಮಂಡಳಿಯ ಮಾತಿನ ತಿರುಳು.

ನಮ್ಮ ಕಡೆಯವರಿಗೆ ಈ ವಿಷಯ ಮೈಗೆ ತಾಗಿದ್ದು 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ. 4x400 ಮಿಶ್ರ ರಿಲೇಯಲ್ಲಿ ಮೊಹಮ್ಮದ್ ಅನಸ್, ಮಂಗಳೂರಿನ ಎಂ.ಆರ್. ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್ ಓಡಿ 3:15.71ಕ್ಕೆ ಮುಟ್ಟಿದರು. ಬಹ್ರೇನ್ ಅವರಿಗಿಂತ ಮುಂದಿತ್ತು. ನಮ್ಮದು ಬೆಳ್ಳಿ. ಬಹ್ರೇನ್ ತಂಡದಲ್ಲಿ ನೈಜೀರಿಯಾದಲ್ಲಿ ಹುಟ್ಟಿದ ಕೆಮಿ ಅಡೆಕೋಯ ಇದ್ದರು. 400 ಮೀಟರ್ ಹರ್ಡಲ್ಸ್ ಚಿನ್ನವೂ ಅವರದೇ. ಅದರಲ್ಲಿ ಕೇರಳದ ಅನು ರಾಘವನ್ ನಾಲ್ಕನೆಯವರಾಗಿ ಬರಿಗೈಯಲ್ಲಿ ಮನೆಗೆ ಬಂದರು. ಆಮೇಲೆ ಅಡೆಕೋಯ ಪರೀಕ್ಷೆಗೆ ಕೊಟ್ಟ ಮಾದರಿಯಲ್ಲಿ ಸ್ಟ್ಯಾನೊಜೊಲಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿ ನಾಲ್ಕು ವರ್ಷ ನಿಷೇಧವಾಯಿತು. 2020ರ ಜುಲೈನಲ್ಲಿ, ಕೊರೊನಾ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ, ನಮ್ಮ ಬೆಳ್ಳಿ ಚಿನ್ನವಾಯಿತು. ಅನು ಅವರಿಗೆ ಕಂಚು ಬಂತು. ಸ್ಟೇಡಿಯಂ ಇಲ್ಲ, ಬಾವುಟ ಇಲ್ಲ, ಚಪ್ಪಾಳೆ ಇಲ್ಲ. ಎರಡು ವರ್ಷ ತಡವಾಗಿ ಒಂದು ಸುದ್ದಿ ಅಷ್ಟೇ.

ಶಿಕ್ಷೆ ಮುಗಿಸಿ ಬಂದ ಅಡೆಕೋಯ 2023ರಲ್ಲಿ ಹಾಂಗ್ಝೌನಲ್ಲಿ ಮತ್ತೆ ಅದೇ ಹರ್ಡಲ್ಸ್ ಚಿನ್ನ ಗೆದ್ದರು. ತಮಿಳುನಾಡಿನ ವಿತ್ಯಾ ರಾಮರಾಜ್‌ಗೆ ಕಂಚು. ಅವತ್ತು ನಮ್ಮಲ್ಲಿ ತುಂಬ ಜನ ಮುಖ ಸಿಂಡರಿಸಿದರು. ನಾನೂ ಸಿಂಡರಿಸಿದೆ, ಸುಳ್ಳು ಹೇಳುವುದಿಲ್ಲ.

ಆದರೆ ಕತೆಗೆ ಇನ್ನೊಂದು ಮಗ್ಗುಲಿದೆ. ಅದೇ ರಿಲೇಯಲ್ಲಿ ಓಡಿದ್ದ ಪೂವಮ್ಮ 2021ರ ಫೆಬ್ರವರಿಯಲ್ಲಿ ಕೊಟ್ಟ ಮಾದರಿಯಲ್ಲಿ ಮೀಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ ಮದ್ದು ಸಿಕ್ಕಿತು. ಮೊದಲು ಮೂರು ತಿಂಗಳ ಶಿಕ್ಷೆ, ಮೇಲ್ಮನವಿಯ ನಂತರ ಎರಡು ವರ್ಷ. ಅದನ್ನು ಮುಗಿಸಿ ಬಂದ ಅವರು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ರಿಲೇ ತಂಡದಲ್ಲಿ ಓಡಿದರು. ಆಗ ನಮ್ಮ ಗುಂಪಿನಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ. 2011ರಲ್ಲಂತೂ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಸೇರಿ ಆರು ಓಟಗಾರ್ತಿಯರು ಒಟ್ಟಿಗೆ ಸಿಕ್ಕಿಬಿದ್ದಿದ್ದರು. ಜಿನ್ಸೆಂಗ್ ಮಾತ್ರೆಯಿಂದ ಬಂತು ಎಂದರು. ನಾಡಾ, ಅಂದರೆ ನಮ್ಮ ದೇಶದ ಮದ್ದು ತಡೆ ಸಂಸ್ಥೆ, ಅದರ ಕಡೆಯ ಮಂಡಳಿ ಒಂದು ವರ್ಷ ಅಂದಿತು, ಕ್ರೀಡಾ ನ್ಯಾಯಮಂಡಳಿ ಎರಡು ಮಾಡಿತು. ಆ ಆರು ಜನರಲ್ಲಿ ಇಬ್ಬರು 2014ರ ಏಷ್ಯನ್ ಗೇಮ್ಸ್ ರಿಲೇಯಲ್ಲಿ ಓಡಿ ದೇಶಕ್ಕೆ ಚಿನ್ನ ತಂದರು. ನಮ್ಮವರು ಶಿಕ್ಷೆ ಮುಗಿಸಿ ಬಂದರೆ "ಪಾಪ, ಎಷ್ಟು ಕಷ್ಟಪಟ್ಟಳು", ಹೊರಗಿನವರು ಬಂದರೆ "ಯಾರಿಗೆ ಗೊತ್ತು". ವಾಡಾ ಲೆಕ್ಕದಲ್ಲಿ 2023ರಲ್ಲಿ ಭಾರತದಲ್ಲಿ ಪರೀಕ್ಷೆ ಮಾಡಿದ ಮಾದರಿಗಳಲ್ಲಿ ಶೇ 3.8ರಷ್ಟರಲ್ಲಿ ಮದ್ದು ಸಿಕ್ಕಿತ್ತು. ದೊಡ್ಡ ದೇಶಗಳಲ್ಲಿ ನಮ್ಮದೇ ಜಾಸ್ತಿ. ಬೇರೆಯವರ ಚೀಲ ತಡಕುವ ಮುಂಚೆ ಇದು ನೆನಪಿರಲಿ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ.

ಈ ಪರೀಕ್ಷೆ ಹೇಗಿರುತ್ತದೆ ಅಂತ ನನಗೆ ಗೊತ್ತಾಗಿದ್ದು ನಮ್ಮ ಬೀದಿಯ ಹುಡುಗಿಯಿಂದ. ಒಂದು ಕೂಟದಲ್ಲಿ ಓಟ ಮುಗಿದ ಕೂಡಲೇ ಒಬ್ಬ ಮೇಡಂ ಬಂದು ಬೆನ್ನು ಹತ್ತಿದರಂತೆ. ಶೌಚಾಲಯದ ಒಳಗೂ ಅವರು ನೋಡುತ್ತಲೇ ನಿಂತಿರಬೇಕು. ಮೂತ್ರ 90 ಮಿಲಿಲೀಟರ್ ಆಗಲೇಬೇಕು. ಇವಳಿಗೆ ಬಂದದ್ದು ಅರ್ಧ. ಎರಡು ಗಂಟೆ ನೀರು ಕುಡಿದು ಕೂತಳು. ಜಾಸ್ತಿ ಕುಡಿದರೆ ಮಾದರಿ ತೀರಾ ನೀರಾಗಿ ಮತ್ತೆ ಕೊಡಬೇಕಾಗುತ್ತದೆ ಎಂದು ಅದಕ್ಕೂ ಹೆದರಿಕೆ. ಕೊನೆಗೆ ತನ್ನ ಕೈಯಿಂದಲೇ ಎ ಮತ್ತು ಬಿ ಎಂದು ಬರೆದ ಎರಡು ಗಾಜಿನ ಬಾಟಲಿಗೆ ಸುರಿದು ಮುಚ್ಚಳ ತಿರುಗಿಸಿದಳು. ಕಟ ಕಟ ಸದ್ದು ನಿಲ್ಲುವವರೆಗೂ ತಿರುಗಿಸಬೇಕಂತೆ. ಆಮೇಲೆ ತನಗೇ ಬಿಚ್ಚಲು ಬರುವುದಿಲ್ಲ. ಆ ಬಾಟಲಿಯನ್ನು ಹತ್ತು ವರ್ಷದವರೆಗೂ ಇಟ್ಟುಕೊಂಡು ಮತ್ತೆ ಪರೀಕ್ಷೆ ಮಾಡಬಹುದು. "ಅಂಕಲ್, ನಾನು ಮದುವೆಯಾಗಿ ಮಕ್ಕಳಾದ ಮೇಲೂ ಅದು ಅಲ್ಲೇ ಇರಬಹುದು" ಎಂದು ನಕ್ಕಳು.

ಇನ್ನು ದೇಶ ಬದಲಿಸುವ ಬಾಗಿಲು. ಅಥ್ಲೆಟಿಕ್ಸ್‌ನಲ್ಲಿ ಈ ವ್ಯಾಪಾರ ಅತಿಯಾಯಿತೆಂದು 2017ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಎಲ್ಲ ಬದಲಾವಣೆಗೂ ತಡೆ ಹಾಕಿತು. ಮರುವರ್ಷ ಬಿಗಿ ನಿಯಮದ ಜೊತೆ ತಡೆ ತೆಗೆಯಿತು. 20 ತುಂಬಿರಬೇಕು, ಮೂರು ವರ್ಷ ಕಾಯಬೇಕು, ಒಂದೇ ಸಲ ಬದಲಿಸಬಹುದು. ನನ್ನನ್ನು ಕೇಳಿದರೆ ಹಳೆಯ ನಿಷೇಧಕ್ಕಿಂತ ಈ ಮೂರು ವರ್ಷ ದೊಡ್ಡ ಜರಡಿ. ಪದಕಕ್ಕಾಗಿ ಮಾತ್ರ ಬರುವವರು ಅಷ್ಟು ಕಾಯುವುದು ಕಷ್ಟ.

ಭಾರತದ ಬಾಗಿಲು ಇನ್ನೂ ಕಿರಿದು. ನಮ್ಮಲ್ಲಿ ಎರಡು ದೇಶದ ಪೌರತ್ವ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರೇ ದೇಶದ ಪರ ಆಡಬೇಕೆಂದು 2008ರಲ್ಲಿ ಕ್ರೀಡಾ ಸಚಿವಾಲಯ ಹೇಳಿತು. ಜಪಾನ್ ಪೌರತ್ವ ಬಿಟ್ಟು ಬಂದ ಅರಾಟ ಇಜುಮಿ 2013ರಲ್ಲಿ ಭಾರತ ಫುಟ್‌ಬಾಲ್ ತಂಡಕ್ಕೆ ಆಡಿದ್ದು ಈ ದಾರಿಯಲ್ಲೇ. ತಂದೆಯೋ ತಾಯಿಯೋ ಸ್ವತಂತ್ರ ಭಾರತದ ಪ್ರಜೆಯಾಗಿದ್ದರೆ ದಾರಿ ಚಿಕ್ಕದು. ಯಾವ ನಂಟೂ ಇಲ್ಲದವರಿಗೆ 1955ರ ಪೌರತ್ವ ಕಾಯ್ದೆ ಒಟ್ಟು 12 ವರ್ಷದ ವಾಸ ಕೇಳುತ್ತದೆ. ಒಳ್ಳೆಯ ನಡತೆ ಇರಬೇಕು, ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಬರಬೇಕು. ಕನ್ನಡ ಬಂದರೂ ಸಾಕು. ವಿಜ್ಞಾನ, ತತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ, ಮನುಕುಲದ ಏಳಿಗೆಗೆ ದೊಡ್ಡ ಸೇವೆ ಮಾಡಿದವರಿಗೆ ಈ ಷರತ್ತುಗಳಲ್ಲಿ ವಿನಾಯಿತಿ ಕೊಡಬಹುದು. ಆ ಪಟ್ಟಿಯಲ್ಲಿ ಆಟದ ಹೆಸರಿಲ್ಲ.

ಇಷ್ಟನ್ನೂ ಮೇಷ್ಟ್ರಿಗೆ ಮರುದಿನ ಒಪ್ಪಿಸಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. 22ಕ್ಕೆ ಸಿಕ್ಕಿಬಿದ್ದು, ನಾಲ್ಕು ವರ್ಷ ಶಿಕ್ಷೆ ಮುಗಿಸಿ, 26ಕ್ಕೆ ಇಲ್ಲಿಗೆ ಬಂದು, 12 ವರ್ಷ ವಾಸ ಮಾಡಿ.

"38 ಆಯ್ತು" ಅಂದರು. ಕಲ್ಲುಬೆಂಚಿನ ಮೇಲೆ ಸ್ವಲ್ಪ ಸರಿದು ಕೂತರು. "ಬರ್ಲಿ ಬಿಡು. ಆ ಹೊತ್ತಿಗೆ ಅವನೂ ಇಲ್ಲೇ ಬಂದು ಕೂರ್ತಾನೆ."