ಫ್ಯಾನ್ ಸದ್ದು ಅಡಗಿಸುವ ಮೊದಲು ಒಳಗೆ ನೋಡಿ

ತುಮಕೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಬೇಸಿಗೆ ಬಂತು ಅಂದರೆ ಅಂಗಡಿಗೆ ಬರುವವರ ಮಾತು ಒಂದೇ. "ಅಣ್ಣ, ಫ್ಯಾನ್ ಸೌಂಡ್ ಜಾಸ್ತಿ, ಕಮ್ಮಿ ಮಾಡಿಕೊಡಿ." ಬಿಸಿ ಆಗುತ್ತದಾ ಅಂತ ಕೇಳಿದರೆ, "ಅದು ಮೊದಲಿಂದಲೂ ಇದ್ದದ್ದೇ" ಅನ್ನುತ್ತಾರೆ. ಅಯ್ಯೋ, ಕೇಳಬೇಕಾದ್ದೇ ಅದು ಅಲ್ವಾ!

ಹೋದ ತಿಂಗಳು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಬಂದಿದ್ದ. ಸದ್ದಿಗೆ ಸಾಹುಕಾರರು ರೇಗುತ್ತಾರೆ ಅಂತ, ಯಾವುದೋ ವಿಡಿಯೋ ನೋಡಿ ಸಾಫ್ಟ್‌ವೇರ್ ಹಾಕಿಕೊಂಡು ಫ್ಯಾನನ್ನು ಕಮ್ಮಿ ಸ್ಪೀಡಿನಲ್ಲೇ ಕಟ್ಟಿಹಾಕಿದ್ದ. ಸದ್ದು ನಿಂತಿತ್ತು. ಆದರೆ ಬಿಲ್ ಹಾಕುತ್ತಿರುವಾಗಲೇ ಲ್ಯಾಪ್‌ಟಾಪ್ ಆಫ್ ಆಗುತ್ತಿತ್ತು. ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನ್ ಎತ್ತಿದೆ. ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವ ತಾಮ್ರದ ಕೊಳವೆಯ ತುದಿಯಲ್ಲಿ ಬಾಚಣಿಗೆ ಹಲ್ಲಿನಂಥ ತೆಳು ತಗಡುಗಳು ಇರುತ್ತವೆ. ಅದಕ್ಕೂ ಫ್ಯಾನಿಗೂ ನಡುವೆ ಧೂಳು ಕಂಬಳಿ ಚೂರಿನ ಹಾಗೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು, ಒಳಗೆ ತೆಂಗಿನ ನಾರಿನ ಎಳೆಗಳು ಬೇರೆ.

ಇದೊಂದನ್ನು ದಯವಿಟ್ಟು ತಿಳಿದುಕೊಳ್ಳಿ. ಫ್ಯಾನ್ ಸುಮ್ನೆ ಕೂಗುವುದಿಲ್ಲ. ಪ್ರೊಸೆಸರ್, ಅಂದರೆ ಲ್ಯಾಪ್‌ಟಾಪಿನ ಮುಖ್ಯ ಚಿಪ್, ಎಷ್ಟು ಬಿಸಿಯಾಗಿದೆ ಅಂತ ಬೋರ್ಡಿನ ಮೇಲಿರುವ ಇನ್ನೊಂದು ಚಿಪ್ ನೋಡುತ್ತಲೇ ಇರುತ್ತದೆ, ಬಿಸಿ ಏರಿದ ಹಾಗೆ ಫ್ಯಾನ್ ಜೋರು ಮಾಡುತ್ತದೆ. ಗಾಳಿ ಹೋಗುವ ದಾರಿಯೇ ಕಟ್ಟಿದ್ದರೆ ಎಷ್ಟು ತಿರುಗಿದರೂ ಬಿಸಿ ಇಳಿಯುವುದಿಲ್ಲ, ಇಳಿಯಲಿಲ್ಲ ಅಂತ ಇನ್ನೂ ಜೋರಾಗಿ ತಿರುಗುತ್ತದೆ. ಆಗ ನೀವು ಸ್ಪೀಡ್ ಇಳಿಸಿದರೆ ಬಿಸಿ ಒಳಗೇ ಉಳಿಯುತ್ತದೆ. ಬಹಳಷ್ಟು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ತಾವೇ ನಿಧಾನ ಆಗುತ್ತವೆ, ಅದಕ್ಕೂ ಬಗ್ಗದಿದ್ದರೆ ಲ್ಯಾಪ್‌ಟಾಪ್ ಆಫ್ ಆಗುತ್ತದೆ. ಸ್ಪೀಡ್ ಏರಿಸಿ ಇಟ್ಟರೂ ಪ್ರಯೋಜನ ಕಮ್ಮಿ, ಕಟ್ಟಿಕೊಂಡ ಚರಂಡಿಗೆ ಇನ್ನಷ್ಟು ನೀರು ಬಿಟ್ಟ ಹಾಗೆ. ಲ್ಯಾಪ್‌ಟಾಪ್ ಕೆಳಗೆ ಇಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ಕೂಡ ಒಳಗಿನ ಧೂಳು ತೆಗೆಯುವುದಿಲ್ಲ.

ಮನೆಯಲ್ಲೇ ನೋಡಬಹುದು. ಫ್ಯಾನ್ ಜೋರಾಗಿ ತಿರುಗುವಾಗ ಗಾಳಿ ಹೊರಬರುವ ಕಡೆ ಕೈ ಹಿಡಿಯಿರಿ. ಸದ್ದು ದೊಡ್ಡದು, ಗಾಳಿ ಸಣ್ಣದು ಅಂದರೆ ದಾರಿ ಕಟ್ಟಿರುವುದೇ ಹೆಚ್ಚು. ಹಾಗಂತ ಹೊರಗಿನಿಂದ ಬ್ಲೋವರ್ ಹಿಡಿಯಬೇಡಿ, ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹೋಗಬಹುದು. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಬಿಚ್ಚಿಸಿ. ತಾಮ್ರದ ಕೊಳವೆ ಎತ್ತಿದರೆ ಪ್ರೊಸೆಸರ್ ಬಿಸಿಯನ್ನು ಕೊಳವೆಗೆ ದಾಟಿಸುವ ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಲೇಬೇಕು. ಹಾಸ್ಟೆಲ್ ಮಕ್ಕಳೇ, ಹಾಸಿಗೆ ಮೇಲೆ ಇಡಬೇಡಿ, ಕೆಳಗೆ ಒಂದು ರಟ್ಟಿನ ಪ್ಯಾಡಾದರೂ ಇರಲಿ.

ಧೂಳು ತೆಗೆದ ಮೇಲೂ ಸದ್ದು ಬೇಡ ಅಂದರೆ, ಕಂಪನಿಯೇ ಕೊಟ್ಟಿರುವ ಸಾಫ್ಟ್‌ವೇರಿನಲ್ಲಿ ಸೈಲೆಂಟ್ ಮೋಡ್ ಇದೆಯಾ ನೋಡಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನುವುದನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ, ಅಂದರೆ ಪ್ರೊಸೆಸರ್ ಮಾಮೂಲಿಗಿಂತ ಜೋರಾಗಿ ಓಡುವುದು, ನಿಲ್ಲುತ್ತದೆ, ಬಿಸಿ ತಗ್ಗುತ್ತದೆ. ಎಲ್ಲ ಮಾಡೆಲ್‌ನಲ್ಲೂ ಒಂದೇ ಥರ ಇರುವುದಿಲ್ಲ. ಟೈಪಿಂಗು, ಬಿಲ್ಲು ಮಾಡುವವರಿಗೆ ವೇಗ ಇಳಿದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ.

ಆ ಹುಡುಗನ ಸಾಫ್ಟ್‌ವೇರ್ ತೆಗೆದುಹಾಕಿ, ಆನ್ ಮಾಡಿ ಕೊಟ್ಟೆ. "ತಿರುಗುತ್ತಾ ಇದೆಯಾ ಅಣ್ಣ?" ಅಂತ ಕಿವಿ ಹತ್ತಿರ ಹಿಡಿದು ಕೇಳಿದ. ಅವನ ಕೈ ಹಿಡಿದು ಗಾಳಿ ಬರುವ ಕಡೆ ಇಟ್ಟೆ. ಮಂಡಿಯ ಧೂಳಿಗೆ ಆರು ತಿಂಗಳಿಗೊಮ್ಮೆ ಬಾ ಅಂದಿದ್ದೇನೆ. ಮನೆಯಲ್ಲಿ ಬಳಸುವವರಿಗೆ ವರ್ಷಕ್ಕೊಮ್ಮೆ ಸಾಕಾಗಬಹುದು.